ಸೆಕ್ಯುರಿಟಿ ಕಾನ್ಫರೆನ್ಸ್‌ನಲ್ಲಿ ನಿಜಕ್ಕೂ ಕಲಿಯೋದು ಎಲ್ಲಿ? ಟಾಕ್, ಟ್ರೈನಿಂಗ್, ಸಿಟಿಎಫ್, ರೆಕಾರ್ಡಿಂಗ್: ಯಾರಿಗೆ ಯಾವುದು

"ಆಫೀಸಿನಲ್ಲಿ ಈ ವರ್ಷ ಒಂದೇ ಕಾನ್ಫರೆನ್ಸ್‌ಗೆ ದುಡ್ಡು ಕೊಡ್ತಾರಂತೆ. ದೊಡ್ಡದಕ್ಕೇ ಹೋಗಲಾ, ಟ್ರೈನಿಂಗ್ ತಗೊಳ್ಳಲಾ, ಇಲ್ಲ ಮನೆಯಲ್ಲೇ ಕೂತು ವಿಡಿಯೋ ನೋಡಲಾ?" ಕಂಪ್ಯೂಟರ್ ಸೆಕ್ಯುರಿಟಿ ಕೆಲಸದಲ್ಲಿರುವವರಿಂದ ಈ ಪ್ರಶ್ನೆ ಪದೇ ಪದೇ ಬರುತ್ತದೆ. ಉತ್ತರವಾಗಿ ಸಿಗುವುದು ಸಾಮಾನ್ಯವಾಗಿ ಹೆಸರುಗಳು: ಡೆಫ್ ಕಾನ್‌ಗೆ ಹೋಗಿ, ಬ್ಲ್ಯಾಕ್ ಹ್ಯಾಟ್‌ಗೆ ಹೋಗಿ, ಬಿಸೈಡ್ಸ್ ಚೆನ್ನಾಗಿರುತ್ತೆ. ಆದರೆ ಹೆಸರು ನೋಡಿ ಆರಿಸಿದರೆ ಅರ್ಧ ಕೆಲಸ ಮಾತ್ರ ಆಗುತ್ತದೆ. ಒಂದೇ ಕಾನ್ಫರೆನ್ಸ್‌ನಲ್ಲಿ ದೊಡ್ಡ ವೇದಿಕೆಯ ಟಾಕ್ ಇರುತ್ತದೆ, ಕೆಲವು ದಿನಗಳ ಟ್ರೈನಿಂಗ್ ಇರುತ್ತದೆ, ಸಣ್ಣ ಕೋಣೆಯ ವರ್ಕ್‌ಶಾಪ್ ಇರುತ್ತದೆ, ಹ್ಯಾಕಿಂಗ್ ಸವಾಲುಗಳನ್ನು ಬಿಡಿಸುತ್ತಾ ರಾತ್ರಿಯಿಡೀ ನಡೆಯುವ ಸಿಟಿಎಫ್ (ಕ್ಯಾಪ್ಚರ್ ದ ಫ್ಲ್ಯಾಗ್) ಸ್ಪರ್ಧೆ ಇರುತ್ತದೆ. ಒಂದೊಂದು ಕಲಿಸುವ ರೀತಿಯೂ ಬೇರೆ, ಕೊಡುವುದೂ ಬೇರೆ. ಎಲ್ಲಿಗೆ ಹೋಗಬೇಕು ಅನ್ನೋದಕ್ಕಿಂತ, ಹೋದಮೇಲೆ ಎಲ್ಲಿ ಕೂರಬೇಕು ಅನ್ನೋದೇ ಮುಖ್ಯ.

ಅಳೆಯುವುದು ಹೇಗೆ

"ಚೆನ್ನಾಗಿ ಅರ್ಥ ಆಯ್ತು" ಅನ್ನೋ ಅನಿಸಿಕೆಯನ್ನು ಅಳತೆಗೋಲು ಮಾಡಿಕೊಳ್ಳಬೇಡಿ. ಇದಕ್ಕೆ ಗಟ್ಟಿ ಕಾರಣ ಇದೆ. 2013ರಲ್ಲಿ ಶಾನಾ ಕಾರ್ಪೆಂಟರ್ ಮತ್ತು ಅವರ ಜೊತೆಗಾರರು ಒಂದು ಪ್ರಯೋಗ ಪ್ರಕಟಿಸಿದರು. ಒಂದೇ ಪಾಠ, ಎರಡು ವಿಡಿಯೋ. ಒಂದರಲ್ಲಿ ಪಾಠ ಹೇಳುವವರು ನೇರವಾಗಿ ನಿಂತು, ಕ್ಯಾಮೆರಾ ನೋಡುತ್ತಾ, ಎಲ್ಲೂ ತಡವರಿಸದೆ ಮಾತಾಡಿದರು. ಇನ್ನೊಂದರಲ್ಲಿ ಅದೇ ಮಾತನ್ನು ಕಾಗದ ನೋಡಿಕೊಂಡು, ತಡೆತಡೆದು ಓದಿದರು. ಮೊದಲನೆಯದನ್ನು ನೋಡಿದವರಿಗೆ ತಾವು ಜಾಸ್ತಿ ಕಲಿತಿದ್ದೇವೆ ಅನ್ನಿಸಿತು. ಪರೀಕ್ಷೆ ಮಾಡಿದರೆ ಎರಡೂ ಗುಂಪಿಗೆ ನೆನಪಿದ್ದದ್ದು ಹೆಚ್ಚುಕಡಿಮೆ ಅಷ್ಟೇ. 2019ರಲ್ಲಿ ಹಾರ್ವರ್ಡ್‌ನ ಫಿಸಿಕ್ಸ್ ತರಗತಿಗಳಲ್ಲಿ ನಡೆದ ಅಧ್ಯಯನದ ಫಲಿತಾಂಶ ಇನ್ನೂ ವಿಚಿತ್ರ. ತಾವೇ ಗುಂಪಾಗಿ ಕೂತು ಲೆಕ್ಕ ಬಿಡಿಸಿದ ವಿದ್ಯಾರ್ಥಿಗಳು ಒಳ್ಳೆಯ ಉಪನ್ಯಾಸ ಕೇಳಿದವರಿಗಿಂತ ಹೆಚ್ಚು ಕಲಿತರು. ಆದರೆ ತಾವು ಕಡಿಮೆ ಕಲಿತೆವು ಅಂತಲೇ ಅವರಿಗೆ ಅನ್ನಿಸಿತ್ತು. ಕಷ್ಟಪಟ್ಟದ್ದು ಗೊಂದಲದ ಹಾಗೆ ಕಾಣುತ್ತದೆ, ಸಲೀಸಾಗಿ ಕೇಳಿದ್ದು ತಿಳಿವಳಿಕೆಯ ಹಾಗೆ ಕಾಣುತ್ತದೆ. ಕಾನ್ಫರೆನ್ಸ್ ಕೊನೆಯಲ್ಲಿ ತುಂಬಿಸಿಕೊಳ್ಳುವ ಫೀಡ್‌ಬ್ಯಾಕ್ ಫಾರಂ ಅಳೆಯುವುದು ಈ ಅನಿಸಿಕೆಯನ್ನೇ.

ಹಾಗಾಗಿ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಎರಡು ವಾರ ಬಿಟ್ಟು, ಸ್ಲೈಡ್ ಮುಟ್ಟದೆ, ಇದರಿಂದ ನನ್ನ ಕೈಯಲ್ಲಿ ಏನು ಮಾಡೋಕಾಗುತ್ತೆ? ಒಂದು ಪ್ಯಾಕೆಟ್ ಕ್ಯಾಪ್ಚರ್ (ನೆಟ್‌ವರ್ಕ್‌ನಲ್ಲಿ ಓಡಾಡಿದ ಮಾಹಿತಿಯ ದಾಖಲೆ) ಓದೋಕಾಗುತ್ತಾ? ದಾಳಿಯನ್ನು ಪತ್ತೆಹಚ್ಚುವ ಒಂದು ಡಿಟೆಕ್ಷನ್ ರೂಲ್ ಬರೆಯೋಕಾಗುತ್ತಾ? ಅಥವಾ ಒಂದು ನಿರ್ಧಾರವನ್ನಾದರೂ ಬದಲಿಸೋಕಾಗುತ್ತಾ?

ಉಳಿದ ಪ್ರಶ್ನೆಗಳು ಇದಕ್ಕೆ ಆಸರೆ. ಹೇಳುವವರಿಗೂ ನಿಮಗೂ ಮಟ್ಟದಲ್ಲಿ ಎಷ್ಟು ಅಂತರ ಇದೆ? ನಿಮಗೆ ಅರ್ಧದಷ್ಟಾದರೂ ಗೊತ್ತಿರುವ ಜಾಗದಿಂದ ಅವರು ಶುರು ಮಾಡದಿದ್ದರೆ ಉಳಿದದ್ದು ತಲೆ ಮೇಲೆ ಹಾರಿಹೋಗುತ್ತದೆ. ಸಿಕ್ಕಿಹಾಕಿಕೊಂಡಾಗ ತಡೆದು ಕೇಳುವ ಅವಕಾಶ ಇದೆಯಾ? ಮುಗಿದ ಮೇಲೆ ಕೈಯಲ್ಲಿ ಏನು ಉಳಿಯುತ್ತದೆ, ಕೋಡ್, ಲ್ಯಾಬ್, ಪೇಪರ್, ಅಥವಾ ಬರೀ ಫೋಟೋಗಳಾ? ಕೊನೆಯದು ಖರ್ಚು. ದುಡ್ಡಿನ ಜೊತೆ ರಜೆಯನ್ನೂ ದಣಿವನ್ನೂ ಲೆಕ್ಕಕ್ಕೆ ತಗೊಳ್ಳಿ. ದಿನಕ್ಕೆ ಏಳೆಂಟು ಟಾಕ್ ಕೇಳಿದ ತಲೆಗೆ ಸಂಜೆಯ ಟಾಕ್ ಹತ್ತುವುದೇ ಇಲ್ಲ.

ದೊಡ್ಡ ವೇದಿಕೆಯ ಟಾಕ್

ಎಲ್ಲರೂ ಮೊದಲು ಯೋಚಿಸುವುದು ಇದನ್ನೇ, ಹಾಗಾಗಿ ಸ್ವಲ್ಪ ಹತ್ತಿರದಿಂದ ನೋಡೋಣ.

2008ರ ಆಗಸ್ಟ್‌ನಲ್ಲಿ ಸೆಕ್ಯುರಿಟಿ ಸಂಶೋಧಕ ಡ್ಯಾನ್ ಕಮಿನ್ಸ್ಕಿ ಬ್ಲ್ಯಾಕ್ ಹ್ಯಾಟ್‌ನಲ್ಲಿ ಡಿಎನ್‌ಎಸ್ (ವೆಬ್‌ಸೈಟ್ ಹೆಸರಿನಿಂದ ಅದರ ಐಪಿ ವಿಳಾಸ ಹುಡುಕುವ ವ್ಯವಸ್ಥೆ) ದೋಷದ ಬಗ್ಗೆ ಮಾತಾಡಿದರು. ಅದರ ತಿರುಳು ಹೀಗಿದೆ. ರಿಸಾಲ್ವರ್ (ನಮ್ಮ ಪರವಾಗಿ ಆ ವಿಳಾಸ ಕೇಳಿ ತರುವ ಸರ್ವರ್) ಕಳಿಸುವ ಪ್ರತಿ ಪ್ರಶ್ನೆಗೂ 16 ಬಿಟ್‌ನ ಒಂದು ಐಡಿ ಇರುತ್ತದೆ, ಅಂದರೆ 65,536 ಸಾಧ್ಯತೆ. ನಿಜವಾದ ಸರ್ವರ್ ಉತ್ತರಿಸುವ ಮೊದಲೇ ಸರಿಯಾದ ಐಡಿ ಊಹಿಸಿ ಸುಳ್ಳು ಉತ್ತರ ಕಳಿಸಿದರೆ, ರಿಸಾಲ್ವರ್ ಅದನ್ನೇ ನಂಬುತ್ತದೆ. ಇಷ್ಟು ಮೊದಲೇ ಗೊತ್ತಿತ್ತು. ಆದರೆ ಓಟದಲ್ಲಿ ಸೋತರೆ ನಿಜವಾದ ಉತ್ತರ ಕ್ಯಾಶ್‌ನಲ್ಲಿ (ರಿಸಾಲ್ವರ್‌ನ ನೆನಪಿನಲ್ಲಿ) ಕೂತುಬಿಡುತ್ತದೆ, ಟಿಟಿಎಲ್ (ಅದು ಅಲ್ಲಿ ಉಳಿಯುವ ಅವಧಿ) ಮುಗಿಯುವ ತನಕ ಕಾಯಬೇಕು. ಕಮಿನ್ಸ್ಕಿ ಕಂಡುಕೊಂಡದ್ದು ಕಾಯದೇ ಇರುವ ದಾರಿ. ಒಂದು ಡೊಮೇನ್‌ನ ಅಡಿಯಲ್ಲಿ ಇಲ್ಲದೇ ಇರುವ ಹೆಸರುಗಳನ್ನು ಒಂದಾದ ಮೇಲೊಂದು ಕೇಳುತ್ತಾ ಹೋಗುವುದು. ಯಾವ ಹೆಸರೂ ಕ್ಯಾಶ್‌ನಲ್ಲಿ ಇರುವುದಿಲ್ಲ, ಹಾಗಾಗಿ ಪ್ರತಿ ಸಲವೂ ಹೊಸ ಓಟ. ಒಂದು ಸಲ ಗೆದ್ದರೆ ಸಾಕು, ಆ ಸುಳ್ಳು ಉತ್ತರದ ಜೊತೆಗೇ ಇಡೀ ಡೊಮೇನ್‌ನ ನೇಮ್‌ಸರ್ವರ್ ಮಾಹಿತಿಯನ್ನೂ (ಆ ಡೊಮೇನ್ ಪರವಾಗಿ ಉತ್ತರಿಸುವ ಸರ್ವರ್ ಯಾವುದು ಅನ್ನೋದನ್ನೂ) ತುರುಕಬಹುದು.

ಇಂಥ ಟಾಕ್ ಕೇಳಿ ಹೊರಬಂದವರ ತಲೆಯಲ್ಲಿ ಏನು ಉಳಿಯುತ್ತದೆ? "ಡಿಎನ್‌ಎಸ್ ಕ್ಯಾಶ್‌ಗೆ ಸುಳ್ಳು ತುಂಬಿಸಬಹುದು, ದೊಡ್ಡ ಅಪಾಯ, ತಕ್ಷಣ ಪ್ಯಾಚ್ ಮಾಡಬೇಕು." ಸರ್ವರ್ ನೋಡಿಕೊಳ್ಳುವವರಿಗೆ ಅಷ್ಟು ಸಾಕು, ಅದಕ್ಕೆ ನಿಜವಾದ ಬೆಲೆ ಇದೆ. ಆದರೆ ವಾರ ಬಿಟ್ಟು ಎರಡು ಪ್ರಶ್ನೆ ಕೇಳಿ ನೋಡಿ. ಇಲ್ಲದ ಹೆಸರುಗಳನ್ನೇ ಯಾಕೆ ಕೇಳಬೇಕಿತ್ತು? ಸೋರ್ಸ್ ಪೋರ್ಟನ್ನು (ಪ್ರಶ್ನೆ ಹೊರಡುವ ಪೋರ್ಟ್ ಸಂಖ್ಯೆಯನ್ನು) ಪ್ರತಿ ಸಲ ಬದಲಿಸಿದರೆ ದಾಳಿ ಯಾಕೆ ಕಷ್ಟವಾಗುತ್ತದೆ? ಐಡಿ ಜೊತೆಗೆ ಪೋರ್ಟನ್ನೂ ಊಹಿಸಬೇಕಾಗುತ್ತದೆ, ಅಷ್ಟೇ. ಆದರೂ ಬರೀ ಕೇಳಿದವರು ಇಲ್ಲಿ ತಡವರಿಸುತ್ತಾರೆ. ಎರಡು ವರ್ಚುವಲ್ ಮಷೀನ್ ಇಟ್ಟುಕೊಂಡು, ನೆಟ್‌ವರ್ಕ್ ಪ್ಯಾಕೆಟ್ ತೋರಿಸುವ ವೈರ್‌ಶಾರ್ಕ್ ಟೂಲ್‌ನಲ್ಲಿ ಆ ಉತ್ತರಗಳು ಒಂದರ ಹಿಂದೆ ಒಂದು ಓಡುವುದನ್ನು ನೋಡಿದವರು ತಡವರಿಸುವುದಿಲ್ಲ.

ಟಾಕ್ ಚೆನ್ನಾಗಿ ದಾಟಿಸುವುದು ಮೂರು ಸಂಗತಿ. ಇಂಥದ್ದೊಂದು ಸಾಧ್ಯ ಇದೆ ಅನ್ನೋದು, ಅದು ಎಷ್ಟು ದೊಡ್ಡದು ಅನ್ನೋದು, ಮುಂದೆ ಏನಂತ ಹುಡುಕಬೇಕು ಅನ್ನೋದು. ಕೈಚಳಕ ದಾಟುವುದಿಲ್ಲ. ನಲವತ್ತು ನಿಮಿಷದಲ್ಲಿ ದಾಟಿಸೋಕೂ ಆಗಲ್ಲ.

ಇನ್ನೊಂದು ಕಾರಣ ಟಾಕ್ ಆಯ್ಕೆಯಾಗುವ ರೀತಿಯಲ್ಲೇ ಇದೆ. ಆಯ್ಕೆ ಸಮಿತಿ ಹುಡುಕುವುದು ಹೊಸತನ್ನು. ಚೆನ್ನಾಗಿ ಕಲಿಸುತ್ತಾರಾ ಅನ್ನೋದು ಎರಡನೇ ಮಾತು. ಹೊಸದು ಅಂದಮೇಲೆ ಅದು ಒಂದು ಅಪರೂಪದ ಚಿಪ್ ಬಗ್ಗೆಯೋ, ನೀವು ಎಂದೂ ಮುಟ್ಟದ ಪ್ರೊಟೊಕಾಲ್ ಬಗ್ಗೆಯೋ ಇರುವ ಸಾಧ್ಯತೆ ಹೆಚ್ಚು. ದಿನವೂ ನಿಮ್ಮನ್ನು ಕಾಡುವ ಹಳೇ ಸಮಸ್ಯೆಗೆ, ತಪ್ಪಾಗಿ ಕೊಟ್ಟ ಪರ್ಮಿಷನ್‌ಗೋ ಯಾರೂ ಓದದ ಲಾಗ್‌ಗೋ, ದೊಡ್ಡ ವೇದಿಕೆ ಸಿಗುವುದು ಅಪರೂಪ.

ಒಳ್ಳೆಯ ಟಾಕ್‌ನ ಹಿಂದೆ ಸಾಮಾನ್ಯವಾಗಿ ಒಂದು ಬರಹ ಇರುತ್ತದೆ. ತಿಳಿವಳಿಕೆ ಇರುವುದು ಅಲ್ಲಿ. 2015ರಲ್ಲಿ ಸೆಕ್ಯುರಿಟಿ ಸಂಶೋಧಕರಾದ ಚಾರ್ಲಿ ಮಿಲ್ಲರ್ ಮತ್ತು ಕ್ರಿಸ್ ವಾಲಸೆಕ್ ಜೀಪ್ ಒಂದನ್ನು ದೂರದಿಂದಲೇ ಹಿಡಿತಕ್ಕೆ ತಗೊಂಡದ್ದು ನೆನಪಿರಬಹುದು. ಅದರಿಂದಾಗಿ ಸುಮಾರು 14 ಲಕ್ಷ ವಾಹನಗಳನ್ನು ಕಂಪನಿ ವಾಪಸ್ ಕರೆಯಬೇಕಾಯಿತು. ಕಾರಿನ ಮನರಂಜನಾ ಯೂನಿಟ್‌ನಿಂದ ಕ್ಯಾನ್ ಬಸ್ (ಕಾರಿನ ಭಾಗಗಳು ಪರಸ್ಪರ ಮಾತಾಡುವ ಒಳಜಾಲ) ತನಕ ಅವರು ಹೇಗೆ ಹೋದರು, ನಡುವಿನ ಚಿಪ್‌ನ ಫರ್ಮ್‌ವೇರ್ ಹೇಗೆ ಬದಲಿಸಿದರು ಅನ್ನೋದೆಲ್ಲ ಅವರ ಉದ್ದನೆಯ ಪೇಪರ್‌ನಲ್ಲಿದೆ. ಟಾಕ್ ನಿಮ್ಮನ್ನು ಆ ಪೇಪರ್‌ನ ಬಾಗಿಲ ತನಕ ತಲುಪಿಸುತ್ತದೆ, ಒಳಗೆ ನೀವೇ ಹೋಗಬೇಕು.

ಅದೇ ಟಾಕ್, ರೆಕಾರ್ಡಿಂಗ್‌ನಲ್ಲಿ

ಕಲಿಕೆಯ ಲೆಕ್ಕದಲ್ಲಷ್ಟೇ ನೋಡಿದರೆ ಸಭಾಂಗಣಕ್ಕಿಂತ ರೆಕಾರ್ಡಿಂಗೇ ವಾಸಿ. ನಿಲ್ಲಿಸಬಹುದು, ಹಿಂದೆ ಹೋಗಬಹುದು, ಪಕ್ಕದಲ್ಲಿ ಟರ್ಮಿನಲ್ ತೆರೆದಿಟ್ಟುಕೊಳ್ಳಬಹುದು. ಡೆಫ್ ಕಾನ್ ತನ್ನ ಹಳೇ ಟಾಕ್‌ಗಳನ್ನು ಉಚಿತವಾಗಿ ಇಟ್ಟಿದೆ. ಜರ್ಮನಿಯ ಕೇಯಾಸ್ ಕಮ್ಯುನಿಕೇಷನ್ ಕಾಂಗ್ರೆಸ್‌ನ ರೆಕಾರ್ಡಿಂಗ್‌ಗಳೂ ಉಚಿತ, ಬೇಗ ಹೊರಬರುತ್ತವೆ.

ತೊಂದರೆ ಇರುವುದು ನೋಡುವ ರೀತಿಯಲ್ಲಿ. ಒಂದೂವರೆ ಪಟ್ಟು ವೇಗದಲ್ಲಿ, ಊಟ ಮಾಡುತ್ತಾ ನೋಡಿದ ವಿಡಿಯೋ ಅಂದೇ ಮರೆತುಹೋಗುತ್ತದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಮಾಡಿದ ಪ್ರಯೋಗ ಇಲ್ಲಿ ಕೆಲಸಕ್ಕೆ ಬರುತ್ತದೆ. ಒಂದು ಗುಂಪು ಪಾಠವನ್ನು ಮತ್ತೆ ಓದಿತು. ಇನ್ನೊಂದು ಗುಂಪು ಪುಸ್ತಕ ಮುಚ್ಚಿ, ನೆನಪಾದದ್ದನ್ನು ಬರೆಯಿತು. ಐದು ನಿಮಿಷದ ನಂತರ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಅವರಿಗೆ ನೆನಪಿದ್ದದ್ದು ಶೇ 42, ಬರೆದವರಿಗೆ ಶೇ 56.

ಇದನ್ನು ವಿಡಿಯೋಗೆ ಹೀಗೆ ಬಳಸಿಕೊಳ್ಳಿ. ಸಮಸ್ಯೆ ಏನು ಅಂತ ಅವರು ಹೇಳಿ ಮುಗಿಸಿದ ತಕ್ಷಣ ನಿಲ್ಲಿಸಿ. ಮುಂದೆ ಏನು ಮಾಡಿರಬಹುದು ಅಂತ ನೀವೇ ಊಹಿಸಿ ಬರೆಯಿರಿ. ಪೂರ್ತಿ ಮುಗಿದ ಮೇಲೆ ವಿಡಿಯೋ ಮುಚ್ಚಿ, ದಾಳಿಯ ಹೆಜ್ಜೆಗಳನ್ನು ನೆನಪಿನಿಂದ ಬರೆಯಿರಿ. ಎಲ್ಲಿ ಪೆನ್ನು ನಿಲ್ಲುತ್ತದೋ ಅಲ್ಲಿಗೆ ಮಾತ್ರ ವಾಪಸ್ ಹೋಗಿ. ಒಂದು ಗಂಟೆಯ ಟಾಕ್‌ಗೆ ಎರಡೂವರೆ ಗಂಟೆ ಹಿಡಿಯಬಹುದು, ಹಿಡಿಯಲಿ. ಹತ್ತು ಟಾಕ್ ಸುಮ್ನೆ ನೋಡೋದಕ್ಕಿಂತ ಇದರ ಫಲ ಜಾಸ್ತಿ.

ಕಾಲೇಜು, ಸಂಶೋಧನೆ ಕಡೆಯ ಕಾನ್ಫರೆನ್ಸ್‌ಗಳಿಗೂ ಇದೇ ಮಾತು. ಯೂಸ್‌ನಿಕ್ಸ್ ಸೆಕ್ಯುರಿಟಿಯಂಥ ಕಡೆ ಟಾಕ್ ಇನ್ನೂ ಚಿಕ್ಕದು, ಅದು ಪೇಪರ್‌ನ ಜಾಹೀರಾತು ಇದ್ದ ಹಾಗೆ. ಯೂಸ್‌ನಿಕ್ಸ್ 2008ರಿಂದಲೇ ತನ್ನ ಪೇಪರ್‌ಗಳನ್ನು ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿದೆ. ಈಗ ಕೆಲವು ಪೇಪರ್‌ಗಳ ಜೊತೆ ಕೋಡನ್ನೂ ಬೇರೆಯವರು ಪರೀಕ್ಷಿಸಿ, ಓಡುತ್ತದೆ ಅಂತ ಬ್ಯಾಡ್ಜ್ ಕೊಡುತ್ತಾರೆ. ಆ ಬ್ಯಾಡ್ಜ್ ಇರುವ ಪೇಪರನ್ನೇ ಮೊದಲು ಹಿಡಿಯಿರಿ. ಸಂಶೋಧನೆಯಲ್ಲೇ ಮುಂದುವರಿಯುವವರಿಗೆ ಹೊರತು, ಬರೀ ಟಾಕ್ ಕೇಳಲು ಅಲ್ಲಿಗೆ ಪ್ರಯಾಣ ಮಾಡುವ ಅಗತ್ಯ ನನಗಂತೂ ಕಾಣುವುದಿಲ್ಲ.

ಟ್ರೈನಿಂಗ್: ದುಬಾರಿ, ಆದರೆ ಯಾವಾಗ ಬೆಲೆಬಾಳುತ್ತದೆ

ಬ್ಲ್ಯಾಕ್ ಹ್ಯಾಟ್‌ನಂಥ ಕಡೆ ಟ್ರೈನಿಂಗ್ ಸಾಮಾನ್ಯವಾಗಿ ಎರಡು ಅಥವಾ ನಾಲ್ಕು ದಿನ. ಈ ಎಲ್ಲ ಆಯ್ಕೆಗಳಲ್ಲಿ ಅತಿ ದುಬಾರಿ ಇದೇ. ಸರಿಯಾದದ್ದು ಸಿಕ್ಕರೆ ಅತಿ ಹೆಚ್ಚು ಕಲಿಸುವುದೂ ಇದೇ. ಕಾರಣವನ್ನು ಒಂದು ಉದಾಹರಣೆಯಲ್ಲಿ ತೋರಿಸುತ್ತೇನೆ.

64 ಬಿಟ್ ಲಿನಕ್ಸ್‌ನಲ್ಲಿ ಬಫರ್ ಓವರ್‌ಫ್ಲೋ ಲ್ಯಾಬ್, ಅಂದರೆ ಮೆಮೊರಿಯ ಜಾಗ ಮೀರಿ ಮಾಹಿತಿ ತುಂಬಿ ಪ್ರೋಗ್ರಾಂ ಅನ್ನು ಹಿಡಿತಕ್ಕೆ ತಗೊಳ್ಳುವ ಅಭ್ಯಾಸ. ಆಫ್‌ಸೆಟ್ (ಎಷ್ಟು ಬೈಟ್ ಆದಮೇಲೆ ಹಿಡಿತ ಸಿಗುತ್ತದೆ ಅನ್ನೋದು) ಸರಿಯಾಗಿ ಲೆಕ್ಕ ಹಾಕಿದ್ದೀರಿ. ಸಿ ಭಾಷೆಯ ಮೂಲ ಲೈಬ್ರರಿ ಲಿಬ್‌ಸಿಯ ವಿಳಾಸ ಸರಿಯಾಗಿದೆ. 'ಸಿಸ್ಟಮ್' ಫಂಕ್ಷನ್ ತನಕ ಪ್ರೋಗ್ರಾಂ ಹೋಗುತ್ತದೆ, ಒಳಗೆ ಹೋಗಿ ಬಿದ್ದುಬಿಡುತ್ತದೆ. ಶೆಲ್ (ಕಮಾಂಡ್ ಕೊಡುವ ಪರದೆ) ಬರಲ್ಲ. ಪೇಲೋಡ್‌ನ (ನೀವು ಕಳಿಸಿದ ದಾಳಿಯ ಮಾಹಿತಿಯ) ಪ್ರತಿ ಬೈಟ್ ಮತ್ತೆ ಎಣಿಸುತ್ತೀರಿ, ಎಲ್ಲ ಸರಿ. ಮನೆಯಲ್ಲಿ ಒಬ್ಬರೇ ಇದ್ದರೆ ರಾತ್ರಿ ಪೂರ್ತಿ ಇದರಲ್ಲೇ ಹೋಗುತ್ತದೆ, ಎಷ್ಟೋ ಜನ ಇಲ್ಲೇ ಬಿಟ್ಟೂಬಿಡುತ್ತಾರೆ. ತರಗತಿಯಲ್ಲಾದರೆ ಕಲಿಸುವವರು ಪಕ್ಕಕ್ಕೆ ಬಂದು ಜಿಡಿಬಿ ಡಿಬಗ್ಗರ್‌ನ ಪರದೆ ನೋಡುತ್ತಾರೆ. ಪ್ರೋಗ್ರಾಂ ನಿಂತಿರುವ ಇನ್‌ಸ್ಟ್ರಕ್ಷನ್ 'ಮೂವ್‌ಎಪಿಎಸ್'. ಅದಕ್ಕೆ ಸ್ಟ್ಯಾಕ್ (ಪ್ರೋಗ್ರಾಂನ ತಾತ್ಕಾಲಿಕ ಮೆಮೊರಿ) 16 ಬೈಟ್‌ಗೆ ಸರಿಹೊಂದಿರಬೇಕು, ನಿಮ್ಮದು 8 ಬೈಟ್ ಆಚೀಚೆ ಆಗಿದೆ. ನಡುವೆ ಒಂದು 'ರೆಟ್' ಗ್ಯಾಡ್ಜೆಟ್ (ರಿಟರ್ನ್ ಇನ್‌ಸ್ಟ್ರಕ್ಷನ್ ಇರುವ ಕೋಡ್ ತುಣುಕು) ಸೇರಿಸಿ ಅನ್ನುತ್ತಾರೆ. ಸೇರಿಸುತ್ತೀರಿ, ಶೆಲ್ ಬರುತ್ತದೆ. ಮುಂದೆ ಎಲ್ಲಿ ಆ ಇನ್‌ಸ್ಟ್ರಕ್ಷನ್ ಮೇಲೆ ಕ್ರ್ಯಾಶ್ ಕಂಡರೂ ಕೈ ತಾನಾಗಿ ಸ್ಟ್ಯಾಕ್ ಕಡೆ ಹೋಗುತ್ತದೆ.

ಈ ಸಂಗತಿ ಯಾವ ದೊಡ್ಡ ಟಾಕ್‌ನಲ್ಲೂ ಬರುವುದಿಲ್ಲ, ಯಾಕಂದರೆ ಡೆಮೊದಲ್ಲಿ ಅದು ಆಗಲೇ ಸರಿಯಾಗಿರುತ್ತದೆ. ಟ್ರೈನಿಂಗ್‌ಗೆ ನೀವು ದುಡ್ಡು ಕೊಡುವುದು ನೀವು ಸಿಕ್ಕಿಹಾಕಿಕೊಂಡ ಹೊತ್ತಿಗೆ ಪಕ್ಕದಲ್ಲಿ ಬಂದು ನಿಲ್ಲುವ ಮನುಷ್ಯನಿಗೆ. ಹಾಗಾಗಿ ಒಂದು ತರಗತಿಗೆ ಎಷ್ಟು ಜನ, ಸಹಾಯಕ್ಕೆ ಎಷ್ಟು ಜನ ಇರುತ್ತಾರೆ ಅನ್ನೋದನ್ನು ದುಡ್ಡು ಕಟ್ಟುವ ಮೊದಲೇ ಕೇಳಿ. ನೂರು ಜನರ ನಡುವೆ ಒಬ್ಬರೇ ಕಲಿಸುತ್ತಿದ್ದರೆ ಅದು ನಾಲ್ಕು ದಿನದ ಟಾಕ್ ಅಷ್ಟೇ. ದಿನದಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ಲ್ಯಾಬ್ ಇದೆಯಾ ನೋಡಿ. ಲ್ಯಾಬನ್ನು ಮನೆಗೆ ಒಯ್ಯಬಹುದಾ ಅಥವಾ ಕೊನೆಯ ದಿನ ಬಾಗಿಲು ಹಾಕುತ್ತಾರಾ ಅಂತಲೂ ವಿಚಾರಿಸಿ. "ಹೊಸಬರಿಂದ ಪರಿಣತರ ತನಕ ಎಲ್ಲರಿಗೂ" ಅಂತ ಬರೆದಿದ್ದರೆ ನಾನು ದೂರ ಇರುತ್ತೇನೆ. ಏನೇನು ಗೊತ್ತಿರಬೇಕು ಅಂತ ನಿಖರವಾಗಿ ಹೇಳುವವರು ಕಲಿಸುವುದರ ಬಗ್ಗೆ ಯೋಚಿಸಿರುತ್ತಾರೆ.

ಆ ಪಟ್ಟಿಯಲ್ಲಿರುವುದು ಅರ್ಧದಷ್ಟೂ ನಿಮಗೆ ಬರದಿದ್ದರೆ ಈಗ ಹೋಗಬೇಡಿ. ಮೊದಲ ದಿನದ ಮಧ್ಯಾಹ್ನಕ್ಕೇ ಹಿಂದೆ ಬೀಳುತ್ತೀರಿ, ಆಮೇಲಿನ ದಿನಗಳು ಬೇರೆಯವರ ಪರದೆ ನೋಡುವುದರಲ್ಲೇ ಮುಗಿಯುತ್ತವೆ.

ಕೈಗೆ ಕೆಲಸ ಕೊಡುವ ಅಗ್ಗದ ದಾರಿಗಳು

ಇಲ್ಲಿ ದುಡ್ಡಿಲ್ಲದವರಿಗೂ ದಾರಿ ಇದೆ. ಅರಿಝೋನಾ ಸ್ಟೇಟ್ ಯೂನಿವರ್ಸಿಟಿಯವರ ಪೌನ್ ಕಾಲೇಜ್, ಕಾರ್ನೆಗಿ ಮೆಲನ್ ಯೂನಿವರ್ಸಿಟಿಯಲ್ಲಿ 2013ರಲ್ಲಿ ಶುರುವಾದ ಪಿಕೋ ಸಿಟಿಎಫ್, ಪೋರ್ಟ್‌ಸ್ವಿಗರ್‌ನ ವೆಬ್ ಸೆಕ್ಯುರಿಟಿ ಅಕಾಡೆಮಿ, ಮೂರೂ ಉಚಿತ. ವೆಬ್ ಕಡೆಗಾದರೆ ಮೂರನೆಯದು, ಬೈನರಿ (ಕಂಪೈಲ್ ಆದ ಪ್ರೋಗ್ರಾಂ) ಕಡೆಗಾದರೆ ಮೊದಲನೆಯದು, ಈಗಷ್ಟೇ ಶುರು ಮಾಡುವವರಿಗೆ ಪಿಕೋ. ಇವುಗಳಲ್ಲಿ ಇಲ್ಲದೇ ಇರುವುದು ಪಕ್ಕದಲ್ಲಿ ನಿಲ್ಲುವ ಮನುಷ್ಯ ಒಬ್ಬರೇ. ಇಬ್ಬರು ಮೂವರು ಗೆಳೆಯರು ವಾರಕ್ಕೊಮ್ಮೆ ಸೇರಿ ಮಾಡಿದರೆ ಆ ಕೊರತೆಯೂ ಬಹಳಷ್ಟು ನೀಗುತ್ತದೆ.

ಕಾನ್ಫರೆನ್ಸ್‌ನಲ್ಲೇ ನಡೆಯುವ ಸಿಟಿಎಫ್ ಬಗ್ಗೆ ಒಂದು ಎಚ್ಚರಿಕೆ. ಸ್ಪರ್ಧೆಯ ಹೊತ್ತಿನಲ್ಲಿ ತಂಡದ ಜಾಣರು ಬಿಡಿಸುತ್ತಾರೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ. ಅಂಕ ಬರುತ್ತದೆ, ಕಲಿಕೆ ಹಂಚಿಕೆಯಾಗುವುದಿಲ್ಲ. ನಿಜವಾದ ಕಲಿಕೆ ಇರುವುದು ಸ್ಪರ್ಧೆ ಮುಗಿದ ಮೇಲಿನ ವಾರದಲ್ಲಿ. ಬಿಡಿಸಲಾಗದೆ ಬಿಟ್ಟ ಒಂದು ಸವಾಲನ್ನು ಹಿಡಿದು, ಬೇರೆಯವರು ಬರೆದ ಉತ್ತರವನ್ನು ಮೊದಲ ಸುಳಿವು ಸಿಗುವ ತನಕ ಮಾತ್ರ ಓದಿ, ಉಳಿದದ್ದನ್ನು ನೀವೇ ಮುಗಿಸಿ.

ವರ್ಕ್‌ಶಾಪ್‌ಗಳು ಮತ್ತು ಡೆಫ್ ಕಾನ್‌ನ 'ವಿಲೇಜ್'ಗಳು (ಒಂದೊಂದು ವಿಷಯಕ್ಕೆ ಮೀಸಲಾದ ಜಾಗಗಳು) ಹೊಸ ಕ್ಷೇತ್ರದ ರುಚಿ ನೋಡಲು ಚೆನ್ನ. ಬೀಗ ತೆರೆಯುವ ಮೇಜಿನಲ್ಲಿ ಕೂತರೆ, ಪಿನ್ 'ಟಿಕ್' ಅಂತ ಕೂರುವ ಅನುಭವ ಬೆರಳಿಗೇ ಗೊತ್ತಾಗುತ್ತದೆ. ಹಾರ್ಡ್‌ವೇರ್, ಕಾರು, ರೇಡಿಯೋಗಳಂಥ ವಿಷಯದಲ್ಲಿ ಇವಕ್ಕೆ ಬೆಲೆ ಜಾಸ್ತಿ, ಯಾಕಂದರೆ ಆ ಸಾಮಾನು ಮನೆಯಲ್ಲಿ ಇರುವುದಿಲ್ಲ. ವರ್ಕ್‌ಶಾಪ್‌ಗಾದರೆ ಮೊದಲೇ ಹೆಸರು ಬರೆಸಿ, ಸೀಟು ಬೇಗ ತುಂಬುತ್ತದೆ.

ಕಂಪನಿಗಳ ಮಳಿಗೆ ಸಾಲಿನಲ್ಲಿ ಕಲಿಯುವುದು ಬಹಳ ಇಲ್ಲ. ಕೊಳ್ಳುವ ಕೆಲಸ ಇದ್ದರೆ ಹೋಗಿ.

ಸಣ್ಣ ಕೂಟಗಳು, ಕಾರಿಡಾರ್ ಮಾತು

ಬಿಸೈಡ್ಸ್ ಹುಟ್ಟಿದ್ದು 2009ರಲ್ಲಿ, ಲಾಸ್ ವೇಗಸ್‌ನಲ್ಲಿ. ಬ್ಲ್ಯಾಕ್ ಹ್ಯಾಟ್‌ನಲ್ಲಿ ಜಾಗ ಸಿಗದ ಒಳ್ಳೊಳ್ಳೆಯ ಟಾಕ್‌ಗಳಿಗೆ ಒಂದು ವೇದಿಕೆ ಬೇಕಿತ್ತು. ಈಗ ಜಗತ್ತಿನ ಎಷ್ಟೋ ಊರುಗಳಲ್ಲಿ ನಡೆಯುತ್ತದೆ, ಖರ್ಚೂ ಕಡಿಮೆ. ಕಲಿಯುವವರಿಗೆ ಇಲ್ಲಿ ಒಂದು ಅನುಕೂಲ ಇದೆ. ಮಾತಾಡುವವರು ಆ ವಿಷಯವನ್ನು ಹೋದ ವರ್ಷವಷ್ಟೇ ಕಲಿತವರಾಗಿರಬಹುದು. ಎಲ್ಲಿ ಎಡವಿದೆವು ಅನ್ನೋದು ಅವರಿಗೆ ಇನ್ನೂ ಹಸಿಹಸಿಯಾಗಿ ನೆನಪಿರುತ್ತದೆ. ಇಪ್ಪತ್ತು ವರ್ಷದ ಪರಿಣತರಿಗೆ ಆ ನೆನಪು ಮಾಸಿಹೋಗಿರುತ್ತದೆ, ಅವರು ಮೂರು ಮೆಟ್ಟಿಲು ಒಟ್ಟಿಗೆ ಹಾರುತ್ತಾರೆ.

ಕಾರಿಡಾರ್ ಮಾತು ಅಂತ ಎಲ್ಲರೂ ಹೊಗಳುತ್ತಾರೆ. ಹೊಗಳಿಕೆ ಸರಿಯೇ. ಯಾವುದು ಕೆಲಸ ಮಾಡಲಿಲ್ಲ ಅನ್ನೋದು ಸ್ಲೈಡಿನಲ್ಲಿ ಇರುವುದಿಲ್ಲ, ಕಾರಿಡಾರಿನಲ್ಲಿ ಇರುತ್ತದೆ. "ಆ ಟೂಲ್ ಆರು ತಿಂಗಳು ಓಡಿಸಿದೆವು, ಸುಳ್ಳು ಅಲರ್ಟ್ ತಡೆಯೋಕಾಗದೆ ತೆಗೆದೆವು" ಅನ್ನೋ ಒಂದು ಮಾತು ನಿಮ್ಮ ಆರು ತಿಂಗಳನ್ನು ಉಳಿಸುತ್ತದೆ. ಆದರೆ ಹೊಸಬರಿಗೆ ಇದು ತಾನಾಗಿ ಸಿಗುವುದಿಲ್ಲ. ಕೈಯಲ್ಲಿ ಒಂದು ಪ್ರಶ್ನೆ ಇರಬೇಕು, ನಿಮ್ಮದೇ ಕೆಲಸದಲ್ಲಿ ಸಿಕ್ಕಿಹಾಕಿಕೊಂಡ ಪ್ರಶ್ನೆ. ಮಾತಾಡುವವರ ಹಳೇ ಟಾಕ್ ಒಂದನ್ನು ನೋಡಿಕೊಂಡು ಹೋಗಿ. "ನಿಮ್ಮ ವಿಧಾನ ನಮ್ಮಲ್ಲಿ ಇಂಥ ಕಡೆ ನಿಂತುಹೋಯ್ತು, ನಿಮಗೂ ಹೀಗಾಗಿತ್ತಾ?" ಅಂತ ಕೇಳಿದರೆ ಯಾರಾದರೂ ನಿಂತು ಮಾತಾಡುತ್ತಾರೆ.

ಹಾಗಾದರೆ ನೀವು?

ಇನ್ನೂ ಓದುತ್ತಿರುವವರು, ಈಗಷ್ಟೇ ಕೆಲಸಕ್ಕೆ ಸೇರಿದವರು: ದೊಡ್ಡ ಕಾನ್ಫರೆನ್ಸ್‌ಗೆ ಸಾಲ ಮಾಡಿ ಹೋಗಬೇಡಿ. ಉಚಿತ ಲ್ಯಾಬ್, ಹತ್ತಿರದ ಸಣ್ಣ ಕೂಟ, ತಿಂಗಳಿಗೆ ಎರಡು ರೆಕಾರ್ಡಿಂಗ್ ಪೂರ್ತಿಯಾಗಿ. ಎಲ್ಲಾದರೂ ಸ್ವಯಂಸೇವಕರಾಗಿ ಒಳಗೆ ಹೋಗುವ ಅವಕಾಶ ಸಿಕ್ಕರೆ ಬಿಡಬೇಡಿ.

ಎರಡು ಮೂರು ವರ್ಷ ಕೆಲಸ ಮಾಡಿ, ಒಂದು ವಿಷಯದಲ್ಲಿ ಗೋಡೆಗೆ ಬಡಿದು ನಿಂತವರಿಗೆ ಟ್ರೈನಿಂಗ್ ಸರಿ. ದುಡ್ಡನ್ನು ಆಫೀಸು ಕೊಡುತ್ತಿದ್ದರೆ ಎರಡು ಮಾತಿಲ್ಲ. ಸ್ವಂತ ದುಡ್ಡಾದರೆ ಅದೇ ವಿಷಯದ ಉಚಿತ ಲ್ಯಾಬ್‌ಗಳನ್ನು ಮೊದಲು ಮುಗಿಸಿ. ಮುಗಿಸಿದ ಮೇಲೂ ಗೋಡೆ ಇದ್ದರೆ ಕಟ್ಟಿ.

ರಕ್ಷಣೆಯ ಕಡೆ, ಲಾಗ್ ಮತ್ತು ಅಲರ್ಟ್ ನೋಡುವವರಿಗೆ ದಾಳಿಯ ಟಾಕ್‌ಗಳು ರಂಜನೆ ಕೊಡುತ್ತವೆ, ಕೆಲಸಕ್ಕೆ ಬರುವುದು ಕಡಿಮೆ. ಒಂದು ವಿನಾಯಿತಿ ಇದೆ: ಆ ದಾಳಿ ಲಾಗಿನಲ್ಲಿ ಯಾವ ಗುರುತು ಬಿಡುತ್ತದೆ ಅಂತ ತೋರಿಸುವ ಟಾಕ್. ಸಾರಾಂಶದಲ್ಲೇ ಅದನ್ನು ಹುಡುಕಿ.

ಹತ್ತು ವರ್ಷ ಪಳಗಿದವರಿಗೆ ಕಾರಿಡಾರ್ ಸಾಕು, ಟಾಕ್‌ಗಳನ್ನು ಆಮೇಲೆ ನೋಡಿಕೊಳ್ಳಬಹುದು. ನೀವೇ ಒಂದು ಟಾಕ್ ಕೊಡುವುದು ಇನ್ನೂ ಒಳ್ಳೇದು. ಬೇರೆಯವರಿಗೆ ಹೇಳಲು ಕೂತಾಗಲೇ ನಮಗೆ ಗೊತ್ತಿಲ್ಲದ ಜಾಗಗಳು ಬಯಲಾಗುವುದು.

ತಂಡ ನಡೆಸುವವರು ಐದು ಜನರನ್ನು ಟಾಕ್‌ಗೆ ಕಳಿಸುವ ಬದಲು ಒಬ್ಬರನ್ನು ಸರಿಯಾದ ಟ್ರೈನಿಂಗ್‌ಗೆ ಕಳಿಸಿ. ಬಂದ ಮೇಲೆ ಸ್ಲೈಡ್ ಓದಿ ಹೇಳೋದು ಬೇಡ ಅನ್ನಿ. ಒಂದು ಲ್ಯಾಬನ್ನು ತಂಡದವರ ಕೈಯಲ್ಲೇ ಮಾಡಿಸಲಿ.

ಯಾವುದನ್ನೇ ಆರಿಸಿದರೂ, ಟಿಕೆಟ್ ಮಾಡುವ ದಿನವೇ ವಾಪಸ್ ಬಂದ ಮೇಲಿನ ಎರಡು ದಿನವನ್ನೂ ಕ್ಯಾಲೆಂಡರ್‌ನಲ್ಲಿ ಹಿಡಿದಿಡಿ. ಕಲಿತದ್ದನ್ನು ನಿಮ್ಮದೇ ಸಿಸ್ಟಮ್ ಮೇಲೆ ಮಾಡಿ ನೋಡೋದಕ್ಕೆ ಆ ಎರಡು ದಿನ ಬೇಕು. ಆಫೀಸಿನಲ್ಲಿ ಅಷ್ಟು ಬಿಡುವು ಸಿಗುವುದಿಲ್ಲ ಅಂತಾದರೆ ನಾಲ್ಕು ದಿನದ ಟ್ರೈನಿಂಗ್ ಕೈಬಿಟ್ಟು ಎರಡು ದಿನದ್ದನ್ನು ಕೇಳಿ. ಉಳಿದ ಎರಡು ದಿನವನ್ನು ಅದಕ್ಕೇ ಇಟ್ಟುಕೊಳ್ಳಿ.